ಕುಸುಬಿ ಎಣ್ಣೆ ಗೊತ್ತು, ಕುಸುಬಿ ಹಾಲು ಗೊತ್ತು. ಈ ಕುಸುಬಿ ಹೂವಿನ ಚಹಾ ಯಾರ ಮನೆಮದ್ದು?

ಪ್ರಶ್ನೆ ಕೇಳಿದವರು: ಊರು ಬಿಟ್ಟವ

ಎಲ್ಲರಿಗೂ ನಮಸ್ಕಾರ. ನಮ್ಮೂರು ವಿಜಯಪುರ ಜಿಲ್ಲೆ. ಈಗ ಇರುವುದು ಬೆಂಗಳೂರಿನಲ್ಲಿ. ಹೋದ ವರ್ಷದಿಂದ ಅಪ್ಪ, ಅವ್ವ ನಮ್ಮ ಜೊತೆಗೇ ಇದ್ದಾರೆ.

ಅವ್ವನಿಗೆ ಮಂಡಿನೋವು ಹಳೆಯದು. ಊರಲ್ಲಿದ್ದಾಗ ರಾತ್ರಿ ಒಲೆ ಆರಿಸುವ ಮುಂಚೆ ಒಂದು ಸೌಟಿಗೆ ಕುಸುಬಿ ಎಣ್ಣೆ ಹಾಕಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು. ಗೋಡೆಗೆ ಒರಗಿ ಕೂತು ಮಂಡಿಗೆ ತಿಕ್ಕಿಕೊಳ್ಳುತ್ತಿದ್ದಳು. ಇಲ್ಲಿಗೆ ಬರುವಾಗ ತಂದ ಒಂದು ಸೀಸೆ ಎಣ್ಣೆ ಮೊನ್ನೆ ಮುಗಿಯಿತು. ಹೊಸದು ತರಿಸೋಣ ಅಂತ ನನ್ನ ಹೆಂಡತಿ ಆನ್‌ಲೈನ್‌ನಲ್ಲಿ ಹುಡುಕಿದಳು. ಎಣ್ಣೆಯ ಜೊತೆಗೆ ಕುಸುಬಿ ಹೂವಿನ ಚಹಾದ ಪೊಟ್ಟಣವೂ ಸಿಕ್ಕಿತು, ಅದನ್ನೂ ತರಿಸಿದಳು. ಮಂಡಿನೋವು, ಬಿಪಿ, ಮುಟ್ಟಿನ ಹೊಟ್ಟೆನೋವು, ತೂಕ, ಕೂದಲು, ಎಲ್ಲದಕ್ಕೂ ಒಳ್ಳೆಯದು ಅಂತ ಪೊಟ್ಟಣದ ಮೇಲೆ ಬರೆದಿದೆ. ನಮ್ಮ ಹಿರಿಯರು ಸಾವಿರಾರು ವರ್ಷದಿಂದ ಕುಡಿಯುತ್ತಿದ್ದರಂತೆ.

ಅವ್ವ ಪೊಟ್ಟಣ ಬಿಚ್ಚಿ ಹೂವನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇದನ್ನ ನಾವು ಯಾವಾಗ ಕುಡದೇವಪಾ? ರಾಶಿ ಮಾಡುವಾಗ ಹೊಟ್ಟಿನ ಜೋಡಿ ಹಾರಿ ಹೋಗತಿತ್ತು" ಅಂದಳು. ಅವಳು ಐವತ್ತು ವರ್ಷ ಆ ಹೊಲದಲ್ಲಿ ದುಡಿದವಳು. ಅವಳ ಮಾತು ಕೇಳಿದ ಮೇಲೆ ನನಗೆ ಪೊಟ್ಟಣದ ಮಾತಿನ ಮೇಲೆ ಅನುಮಾನ ಬಂತು.

ಇನ್ನೆರಡು ವಿಷಯ ಇದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಪ್ಪನಿಗೆ ಹೃದಯದ ವಾಲ್ವ್ ಬದಲಿಸಿದ್ದಾರೆ. ರಕ್ತ ತೆಳುವಾಗಲು ದಿನಾ ಮಾತ್ರೆ ತಗೋತಾರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಆಗಾಗ ಮಾಡಿಸಬೇಕು. ಮತ್ತೆ, ತಂಗಿಗೆ ನಾಲ್ಕು ತಿಂಗಳು. ಮುಂದಿನ ವಾರ ಬಂದು ಒಂದು ತಿಂಗಳು ಇಲ್ಲೇ ಇರುತ್ತಾಳೆ. ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಚಹಾ ಕುದಿಯುತ್ತದೆ.

ನಮ್ಮ ಕಡೆ ಕುಸುಬಿಯನ್ನು ನಿಜಕ್ಕೂ ಯಾವುದಕ್ಕೆಲ್ಲ ಬಳಸುತ್ತಿದ್ದರು? ಈ ಹೂವು ಕುಡಿಯಬಹುದಾ? ಇನ್ನೊಂದು, ಮಾವ ಊರಿನಿಂದ ಎರಡು ಸೇರು ಕುಸುಬಿ ಕಾಳು ಕಳಿಸಿದ್ದಾರೆ. ಅವ್ವ ಮಿಕ್ಸಿಯಲ್ಲಿ ಕುಸುಬಿ ಹಾಲು ತೆಗೆಯಲು ನೋಡಿದಳು. ಸಿಪ್ಪೆಯ ಒಗರು ಬಂದು, ನಾಲಿಗೆಗೆ ಪುಡಿ ಪುಡಿ ಸಿಕ್ಕಿ ಯಾರೂ ಕುಡಿಯಲಿಲ್ಲ. "ಒಳ್ಳಿನ ಕೆಲಸ ಇದರಾಗ ಆಗಂಗಿಲ್ಲ" ಅಂತ, ಊರಿನ ಒರಳುಕಲ್ಲು ನೆನೆದು ಬೇಜಾರು ಮಾಡಿಕೊಂಡು ಪಾತ್ರೆ ತೊಳೆದಿಟ್ಟಳು. ಮಿಕ್ಸಿಯಲ್ಲಿ ಮಾಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಉತ್ತರ: ಡೋಣಿ ದಂಡೆ

ತಮ್ಮಾ, ಮೊದಲು ಒಂದು ಕೆಲಸ ಮಾಡು. ತಂಗಿ ಬರುವುದರೊಳಗೆ ಆ ಹೂವಿನ ಪೊಟ್ಟಣ ಅಡುಗೆಮನೆಯಿಂದ ತೆಗೆದು ಬೇರೆ ಕಡೆ ಇಡು. ಅಪ್ಪನಿಗೂ ಕೊಡಬೇಡ. ಯಾಕೆ ಅನ್ನುವುದನ್ನು ಓದಿದವರು ಹೇಳಲಿ, ನಾನು ಹೊಲದ ಕಡೆಯದನ್ನು ಹೇಳುತ್ತೇನೆ.

ನಿಮ್ಮವ್ವ ಹೇಳಿದ್ದು ಸರಿ. ನಾನು ಹುಟ್ಟಿದ್ದೂ, ಕೊಟ್ಟಿದ್ದೂ ಎರಡೂ ಡೋಣಿ ನದಿ ಸಾಲಿನ ಊರುಗಳೇ. ಅರವತ್ತು ದಾಟಿದೆ. ನಮ್ಮಲ್ಲಿ ಯಾರೂ ಕುಸುಬಿ ಹೂವು ಕುದಿಸಿ ಕುಡಿದದ್ದನ್ನು ನಾನು ಕಂಡಿಲ್ಲ. ಎಲೆ ತಿಂದಿದ್ದೇವೆ, ಕಾಳಿನ ಹಾಲು ಕುಡಿದಿದ್ದೇವೆ, ಎಣ್ಣೆ ಉಂಡಿದ್ದೇವೆ, ಮೈಗೆ ಹಚ್ಚಿದ್ದೇವೆ. ಹಿಂಡಿ ಎತ್ತು, ಎಮ್ಮೆಗೆ. ಕಟ್ಟಿಗೆ ಒಲೆಗೆ. ಹೂವಿನ ಲೆಕ್ಕ ಇರಲಿಲ್ಲ.

ಎಲೆಯಿಂದ ಶುರು ಮಾಡುತ್ತೇನೆ. ಹಿಂಗಾರಿ ಜೋಳ ಬಿತ್ತುವಾಗ ನಡುವೆ ಅಕ್ಕಡಿ ಸಾಲು ಅಂತ ಕುಸುಬಿ ಹಾಕುತ್ತಿದ್ದೆವು. ಹೊಲದ ಸುತ್ತಲೂ ನಾಲ್ಕು ಸಾಲು ಹಾಕಿದರೆ ದನ ಒಳಗೆ ನುಗ್ಗುತ್ತಿರಲಿಲ್ಲ, ಅಷ್ಟು ಮುಳ್ಳು. ಬಿತ್ತಿ ಮೂರು, ನಾಲ್ಕು ವಾರಕ್ಕೆ ದಟ್ಟವಾದ ಕಡೆ ಸಸಿ ಕಿತ್ತು ತೆಳುವು ಮಾಡಬೇಕು. ಆಗ ಮುಳ್ಳು ಇನ್ನೂ ಬಲಿತಿರುವುದಿಲ್ಲ. ಕಿತ್ತ ಆ ಎಳೆ ತಪ್ಪಲನ್ನು ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದೆವು. ಹಸಿಯದನ್ನೇ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ಜೊತೆ ರೊಟ್ಟಿಗೆ ಹಚ್ಚಿಕೊಳ್ಳುವುದು. ಉಳಿದದ್ದು ಹೆಸರುಬೇಳೆ ಹಾಕಿ ಪಲ್ಯ. ಸ್ವಲ್ಪ ಒಗರು, ಸ್ವಲ್ಪ ಕಹಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬಹಳ ರುಚಿ. ಸುಗ್ಗಿಯವರೆಗೂ ಜೋಳದ ರೊಟ್ಟಿಯೇ ಊಟ ಆಗಿದ್ದ ಮನೆಗಳಲ್ಲಿ ಈ ತಪ್ಪಲು ಹೊಟ್ಟೆ ಸರಿಯಾಗಿ ಇಡುತ್ತಿತ್ತು. ನಮ್ಮತ್ತೆ ಇದನ್ನು ಔಷಧಿ ಅಂತ ಕರೆಯಲೇ ಇಲ್ಲ. "ಹೊಟ್ಟಿ ಹಗೂರ ಇರತೈತಿ" ಅನ್ನುತ್ತಿದ್ದರು, ಅಷ್ಟೇ.

ಇನ್ನು ಕಾಳು. ಬಿಳಿ ಬಣ್ಣ, ನುಣುಪು, ಮುತ್ತಿನ ಹಾಗೆ ಹೊಳೆಯುತ್ತದೆ. ಸಿಪ್ಪೆ ಬಹಳ ಗಟ್ಟಿ, ಹಲ್ಲಿಗೆ ಹಾಕಿದರೆ ಟಕ್ ಅನ್ನುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಎರಚಲು ಹೋಗುವಾಗ ನಮ್ಮ ಮನೆಯಲ್ಲಿ ಕುಸುಬಿ ಹಾಲಿನ ಹುಗ್ಗಿ ಇರಲೇಬೇಕಿತ್ತು. ಬೇರೆ ದಿನ, ಮಲಬದ್ಧತೆ ಅಂದವರಿಗೆ ಈ ಹಾಲಿಗೆ ಬೆಲ್ಲ ಹಾಕಿ ಒಂದು ಬಟ್ಟಲು ಕೊಡುತ್ತಿದ್ದರು. ಹೆಚ್ಚು ಕುಡಿದರೆ ಹೊಟ್ಟೆ ಸಡಿಲ ಆಗುತ್ತದೆ. ಮಕ್ಕಳಿಗೆ ಅರ್ಧ ಬಟ್ಟಲಿನ ಮೇಲೆ ಕೊಡುತ್ತಿರಲಿಲ್ಲ.

ಎಣ್ಣೆಯ ಮಾತು ದೊಡ್ಡದು. ನಮ್ಮ ಕಡೆ ಎಣ್ಣೆ ಅಂದರೆ ಕುಸುಬಿ ಎಣ್ಣೆ ಅಂತಲೇ ಅರ್ಥ ಇದ್ದ ಕಾಲ ಅದು. ನನ್ನ ತವರಿನ ಓಣಿಯ ಕೊನೆಗೆ ಗಾಣ ಇತ್ತು. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿರುತ್ತಿದ್ದರು. ಗಾಣದವರ ಮನೆಯ ಮುಂದೆ ಹೋದರೆ ಹಸಿ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೊಸ ಎಣ್ಣೆ ತಂದ ದಿನ ಅಪ್ಪ ಬಿಸಿ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಇಟ್ಟು, ನಡುವೆ ಬೆರಳಿನಿಂದ ಗುಳಿ ಮಾಡಿ, ಅದರಲ್ಲಿ ಹಸಿ ಎಣ್ಣೆ ತುಂಬಿ ಕೊಡುತ್ತಿದ್ದ. ಆ ರುಚಿ ಈಗಿನ ರಿಫೈನ್ಡ್ ಎಣ್ಣೆಯಲ್ಲಿ ಇಲ್ಲ.

ಮೈಗೆ ಹಚ್ಚುವುದು ನಿಮ್ಮವ್ವ ಮಾಡುವ ಹಾಗೆಯೇ. ಕೆಲವರು ಬೆಳ್ಳುಳ್ಳಿ ಹಾಕುತ್ತಾರೆ, ಕೆಲವರು ಅಜವಾನ. ನಾವು ಎಕ್ಕೆ ಎಲೆಗೆ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಮಂಡಿಗೆ ಕಟ್ಟುತ್ತಿದ್ದೆವು. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಇದೇ ಎಣ್ಣೆ. ನೊಗ ತಿಕ್ಕಿ ಎತ್ತಿನ ಹೆಗಲು ಕೆಂಪಾದರೂ ಇದೇ ಎಣ್ಣೆ. ನೋವಿಗೆ ಗುಣ ಎಣ್ಣೆಯದೋ, ಬಿಸಿಯದೋ, ತಿಕ್ಕುವ ಕೈಯದೋ, ನನ್ನಿಂದ ಬಿಡಿಸಿ ಹೇಳಲು ಆಗುವುದಿಲ್ಲ. ನಮ್ಮತ್ತೆಗೆ ನಾನು ಹದಿನಾಲ್ಕು ವರ್ಷ ತಿಕ್ಕಿದ್ದೇನೆ. ತಿಕ್ಕಿದ ರಾತ್ರಿ ಅವರು ನಿದ್ದೆ ಮಾಡುತ್ತಿದ್ದರು. ಮಂಡಿ ಸವೆದದ್ದು ಮಾತ್ರ ಸವೆದದ್ದೇ. ಕಡೆಗೆ ಕೋಲು ಹಿಡಿದೇ ಓಡಾಡಿದರು.

ಎಣ್ಣೆ ತಗೊಳ್ಳುವಾಗ ಒಂದು ಎಚ್ಚರ. ಗಾಣದ ಕುಸುಬಿ ಎಣ್ಣೆ ಬೇಗ ಕಮಟುತ್ತದೆ. ಸೀಸೆಯ ಬಾಯಿಗೆ, ಮುಚ್ಚಳದ ಸುತ್ತಿಗೆ ಅಂಟಂಟು ಪೊರೆ ಕಟ್ಟುತ್ತದೆ, ನೋಡಿರಬಹುದು. ಒಣಗಿದರೆ ವಾರ್ನಿಷ್ ಹಾಗೆ ಹಿಡಿದುಕೊಳ್ಳುತ್ತದೆ. ಬಣ್ಣ ಮಾಡುವವರಿಗೂ ಈ ಎಣ್ಣೆ ಬೇಕಾಗುವುದು ಅದೇ ಗುಣಕ್ಕೆ. ಹಾಗಾಗಿ ಐದು ಲೀಟರ್ ಕ್ಯಾನ್ ತರಬೇಡ. ಅರ್ಧ ಲೀಟರ್ ತಂದು, ಬಿಸಿಲು ಬೀಳದ ಕಡೆ ಇಟ್ಟು, ತಿಂಗಳು ಎರಡು ತಿಂಗಳಲ್ಲಿ ಮುಗಿಸು.

ಬೆಳೆಯುವುದೇ ಕಡಿಮೆ ಆಯಿತು ಅನ್ನುವ ನೋವು ನನಗೆ ಬಹಳ ಇದೆ. ಕೊಯ್ಯುವುದು ಅಷ್ಟು ಕಷ್ಟ. ಬಿಸಿಲು ಏರಿದರೆ ಮುಳ್ಳು ಸೂಜಿಯ ಹಾಗೆ ಸೆಟೆದು ನಿಲ್ಲುತ್ತದೆ. ಅದಕ್ಕೆ ನಸುಕಿನಲ್ಲಿ, ಮಂಜಿಗೆ ಮುಳ್ಳು ಮೆತ್ತಗಿರುವಾಗ ಹೋಗಬೇಕು. ಕೈಗೆ, ಮೊಣಕಾಲಿಗೆ ಹಳೇ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕು. ಸೊಸೆಯಂದಿರ ಕಾಲಕ್ಕೆ ಈ ಕೆಲಸಕ್ಕೆ ಆಳು ಸಿಗಲಿಲ್ಲ. ಕಡಲೆ ಬಂತು, ಸೂರ್ಯಕಾಂತಿ ಬಂತು, ಪಾಕೀಟಿನ ಪಾಮ್ ಎಣ್ಣೆ ಬಂತು. ಅಣ್ಣಿಗೇರಿ ತಳಿಯ ಬೀಜ ನಮ್ಮ ಕಣಜದಲ್ಲಿ ಕಡೆಯ ಸಲ ಇದ್ದದ್ದು ಯಾವಾಗ ಅಂತ ಈಗ ನೆನಪೇ ಆಗುತ್ತಿಲ್ಲ. ಈಗ ಮುಳ್ಳಿಲ್ಲದ ತಳಿಗಳೂ ಇವೆ. ಮಹಾರಾಷ್ಟ್ರದ ಫಲ್ಟಣದಲ್ಲಿ ಮಾಡಿದ್ದನ್ನು ನಮ್ಮ ಮೈದುನ ಒಂದು ವರ್ಷ ಹಾಕಿದ್ದ. ಕೊಯ್ಯಲು ಹಗುರ, ಆದರೆ ಹಂದಿ, ದನಕ್ಕೆ ಬೇಲಿ ಬೇರೆ ಬೇಕಾಯಿತು.

ಹಾಲಿನ ಉಪಾಯ ಸಂಜೆ ಬರೆಯುತ್ತೇನೆ. ಈಗ ಎಮ್ಮೆ ಹಿಂಡುವ ಹೊತ್ತು.

ಉತ್ತರ: ಧಾರವಾಡದ ಆಯುರ್ವೇದ ವೈದ್ಯೆ

ಅಕ್ಕ ಮೊದಲ ಸಾಲಿನಲ್ಲೇ ಸರಿಯಾದ ಮಾತು ಹೇಳಿದ್ದಾರೆ. ಅದನ್ನೇ ನಾನು ಬಿಡಿಸಿ ಹೇಳುತ್ತೇನೆ.

ಕುಸುಬಿ ಹೂವನ್ನು ಔಷಧಿಯಾಗಿ ಹೆಚ್ಚು ಬಳಸಿದವರು ಚೀನಾದವರು. ಅಲ್ಲಿ ಅದರ ಹೆಸರು ಹೊಂಗ್‌ಹುವಾ, ಅಂದರೆ ಕೆಂಪು ಹೂವು. ಅವರ ವೈದ್ಯದಲ್ಲಿ ಅದು ರಕ್ತ ಹರಿಯುವಂತೆ ಮಾಡುವ, ಹೆಪ್ಪು ಕರಗಿಸುವ ಔಷಧಿ. ತಡೆದ ಮುಟ್ಟು ಬರಿಸಲು, ಮುಟ್ಟಿನ ನೋವಿಗೆ, ಪೆಟ್ಟು ಬಿದ್ದು ರಕ್ತ ಕಟ್ಟಿದ್ದಕ್ಕೆ ಕೊಡುತ್ತಾರೆ. ಅದೇ ಕಾರಣಕ್ಕೆ ಬಸುರಿಯರಿಗೆ ಕೊಡಬಾರದು ಅಂತ ಅವರೇ ಎಚ್ಚರಿಸುತ್ತಾರೆ. ಮುಟ್ಟು ತರಿಸುವ ಹೂವನ್ನು ನಾಲ್ಕು ತಿಂಗಳ ಬಸುರಿ ಕುಡಿಯುವುದು ಹೇಗೆ ಸರಿ ಆಗುತ್ತದೆ? ತಂಗಿಗೆ ಒಂದು ಲೋಟವೂ ಬೇಡ.

ಅಪ್ಪನ ವಿಷಯ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಲೋಹದ ವಾಲ್ವ್ ಹಾಕಿದವರಿಗೆ ಸಾಮಾನ್ಯವಾಗಿ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಅನ್ನುವ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಐಎನ್‌ಆರ್ ಒಂದು ಮಿತಿಯೊಳಗೆ ಇರಬೇಕು. ಕಡಿಮೆ ಆದರೆ ವಾಲ್ವಿನಲ್ಲಿ ಹೆಪ್ಪು, ಜಾಸ್ತಿ ಆದರೆ ರಕ್ತಸ್ರಾವ. ರಕ್ತ ತೆಳುವಾಗಿಸುವ ಗುಣ ಇರುವ ಹೂವು ಇದರ ಜೊತೆ ಸೇರಿದರೆ ಒಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಕೆಲವೊಮ್ಮೆ ಒಳಗೇ ರಕ್ತ. "ಇದು ಬರೀ ಹೂವು ಅಲ್ವಾ" ಅಂತ ಸುಮ್ನೆ ಕುಡಿದು, ಟೆಸ್ಟಿನಲ್ಲಿ ಅಂಕಿ ಏರಿದ ಮೇಲೆ ಗಾಬರಿಯಾಗಿ ಬಂದವರನ್ನು ನಾನೇ ನೋಡಿದ್ದೇನೆ. ಬೇರೆ ಬೇರೆ ಹೂವು, ಬೇರೆ ಬೇರೆ ಪುಡಿ, ಕಥೆ ಮಾತ್ರ ಒಂದೇ. ಈಗಾಗಲೇ ಅಪ್ಪ ಕುಡಿದಿದ್ದರೆ ಅವರ ಹೃದಯದ ಡಾಕ್ಟರಿಗೆ ಹೇಳಿ, ಐಎನ್‌ಆರ್ ಬೇಗ ಮಾಡಿಸಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ನಮ್ಮ ಆಯುರ್ವೇದದಲ್ಲಿ ಏನಿದೆ ಅಂದರೆ, ಹೆಸರು ಕುಸುಂಭ. ಇನ್ನೆರಡು ಚಂದದ ಹೆಸರುಗಳಿವೆ: ವಹ್ನಿಶಿಖ, ವಸ್ತ್ರರಂಜಕ. ಒಂದು ಬೆಂಕಿಯ ನಾಲಿಗೆ, ಇನ್ನೊಂದು ಬಟ್ಟೆಗೆ ಬಣ್ಣ ಕೊಡುವುದು. ಅಂದರೆ ನಮ್ಮವರು ಹೂವನ್ನು ಮುಖ್ಯವಾಗಿ ನೋಡಿದ್ದು ಬಣ್ಣಕ್ಕೆ. ಬಣ್ಣ ಹಾಕುವವರ ಕೆಲಸ ಬಹಳ ಜಾಣತನದ್ದು. ಈ ಹೂವಿನಲ್ಲಿ ಹಳದಿಯೂ ಇದೆ, ಕೆಂಪೂ ಇದೆ. ಹಳದಿ ಬರೀ ನೀರಿಗೇ ಬಿಡುತ್ತದೆ, ಕೆಂಪು ಬಿಡುವುದಿಲ್ಲ. ಅವರು ಹೂವನ್ನು ನೀರಲ್ಲಿ ಮತ್ತೆ ಮತ್ತೆ ತೊಳೆದು ಹಳದಿ ಕಳೆದು, ಆಮೇಲೆ ಬೂದಿಯ ಕ್ಷಾರದ ನೀರಲ್ಲಿ ಕೆಂಪನ್ನು ಬಿಡಿಸಿ, ಹುಳಿ ಹಿಂಡಿ ಬಟ್ಟೆಗೆ ಹಿಡಿಸುತ್ತಿದ್ದರು. ನಿಮ್ಮ ಚಹಾದ ಲೋಟದಲ್ಲಿ ಕಾಣುವುದು ಆ ಹಳದಿ.

ಎಣ್ಣೆಯ ಬಗ್ಗೆ ಚರಕ ಏನು ಹೇಳಿದ್ದಾನೆ ಗೊತ್ತೇ? ಚರಕ ಸಂಹಿತೆಯ ಸೂತ್ರಸ್ಥಾನ ಅನ್ನುವ ಭಾಗದ 25ನೇ ಅಧ್ಯಾಯದಲ್ಲಿ ಒಳ್ಳೆಯದರಲ್ಲಿ ಒಳ್ಳೆಯದು, ಕೆಟ್ಟದರಲ್ಲಿ ಕೆಟ್ಟದ್ದು ಅಂತ ಪಟ್ಟಿ ಬರುತ್ತದೆ. ಅಲ್ಲಿ ಗಿಡಗಳಿಂದ ಬರುವ ಎಣ್ಣೆಗಳಲ್ಲಿ ಎಳ್ಳೆಣ್ಣೆ ಹಿತ, ಕುಸುಬಿ ಎಣ್ಣೆ ಅಹಿತ ಅಂತ ಇದೆ. ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ಬಹಳ ಕಸಿವಿಸಿ ಆಯಿತು, ಯಾಕೆಂದರೆ ನಮ್ಮಜ್ಜಿಯ ಮನೆಯಲ್ಲಿ ಅದೇ ಎಣ್ಣೆ. ಜೋಳ, ತಪ್ಪಲು, ಬೇಳೆಯ ಊಟ, ದಿನವೆಲ್ಲ ಹೊಲದ ದುಡಿಮೆ, ಎಣ್ಣೆಯೋ ಚಮಚದ ಲೆಕ್ಕ. ಆ ಬದುಕಿಗೆ ಆ ಎಣ್ಣೆ ಒಗ್ಗಿತ್ತು ಅಂತ ನನಗೆ ಅನ್ನಿಸುತ್ತದೆ. ಕೂತು ಕೆಲಸ ಮಾಡುವವರು ಮೂರು ಹೊತ್ತೂ ಅದರಲ್ಲೇ ಕರಿದು ತಿನ್ನಲಿ ಅಂತ ನಾನು ಹೇಳಲಾರೆ.

"ಹೃದಯಕ್ಕೆ ಒಳ್ಳೆಯದು" ಅನ್ನುವ ಮಾತಿಗೂ ಇನ್ನೊಂದು ಮಗ್ಗಲು ಇದೆ. 1966ರಿಂದ 1973ರ ತನಕ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹೃದಯದ ತೊಂದರೆ ಆಗಿದ್ದ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಜನರಿಗೆ ಬೆಣ್ಣೆ, ಕೊಬ್ಬಿನ ಬದಲು ಕುಸುಬಿ ಎಣ್ಣೆ ಕೊಟ್ಟರು. ಹಳೆಯ ಲೆಕ್ಕವನ್ನು ಮತ್ತೆ ಕೂಡಿಸಿ 2013ರಲ್ಲಿ ಪ್ರಕಟಿಸಿದಾಗ, ಕುಸುಬಿ ಎಣ್ಣೆ ತಿಂದವರಲ್ಲೇ ಸಾವು ಹೆಚ್ಚಿತ್ತು. ಕೊಲೆಸ್ಟ್ರಾಲ್ ಇಳಿದಿದ್ದರೂ ಹಾಗಾಯಿತು. ಅದೊಂದರಿಂದಲೇ ಎಣ್ಣೆ ವಿಷ ಅಂತ ತೀರ್ಮಾನ ಮಾಡಬೇಕಿಲ್ಲ. ಒಂದೇ ಎಣ್ಣೆಯನ್ನು ಔಷಧಿ ಅಂತ ಸುರಿದುಕೊಳ್ಳಬೇಡಿ, ಎಣ್ಣೆ ಬದಲಿಸಿ ಬದಲಿಸಿ ಬಳಸಿ.

ಅವ್ವನಿಗೆ ಹಚ್ಚುವುದು ಮುಂದುವರಿಯಲಿ. ಎಣ್ಣೆ ಉಗುರುಬೆಚ್ಚಗೆ ಇದ್ದರೆ ಸಾಕು. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಬಿಸಿ ಬೇಗ ಗೊತ್ತಾಗುವುದಿಲ್ಲ, ಚರ್ಮ ಸುಡುತ್ತದೆ. ನಿಮ್ಮ ಮೊಣಕೈ ಒಳಬದಿಗೆ ಮುಟ್ಟಿಸಿ ನೋಡಿ ಆಮೇಲೆ ಹಚ್ಚಿ. ಹಸಿ ಬೆಳ್ಳುಳ್ಳಿಯನ್ನು ನೇರ ಚರ್ಮಕ್ಕೆ ಕಟ್ಟಿಡಬೇಡಿ, ಬೊಬ್ಬೆ ಏಳುತ್ತದೆ. ಎಕ್ಕೆ ಎಲೆಯ ಹಾಲು ಕಣ್ಣಿಗೆ ತಾಗಬಾರದು. ಮಂಡಿ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಎಣ್ಣೆ ಬಿಟ್ಟು ಡಾಕ್ಟರಿಗೆ ತೋರಿಸಿ.

ಸೇವಂತಿಗೆ, ಚೆಂಡುಹೂವು ಮುಟ್ಟಿದರೆ ತುರಿಕೆ, ಸೀನು ಬರುವವರು ಕುಸುಬಿ ಹೂವಿನಿಂದಲೂ ದೂರ ಇರುವುದು ಒಳ್ಳೆಯದು. ಅದೂ ಅದೇ ಬಳಗದ ಗಿಡ.

ಉತ್ತರ: ದುಬೈನ ಮಸಾಲೆ ಅಂಗಡಿಯಿಂದ

ನಾನು ರಾಯಚೂರಿನವನು. ಒಂಬತ್ತು ವರ್ಷದಿಂದ ದುಬೈನಲ್ಲಿದ್ದೇನೆ. ಕುಸುಬಿ ಹೂವನ್ನು ನಾನು ದಿನಾ ತೂಗುತ್ತೇನೆ, ಅದಕ್ಕೇ ಬರೆಯಬೇಕು ಅನ್ನಿಸಿತು. ಇಲ್ಲಿ ಅರಬ್ಬಿಯಲ್ಲಿ ಇದಕ್ಕೆ ಉಸ್ಫುರ್ ಅನ್ನುತ್ತಾರೆ. ಅನ್ನಕ್ಕೆ ಬಣ್ಣ ಬರಲಿ ಅಂತ ಒಯ್ಯುತ್ತಾರೆ. ದೇರಾದ ಮಸಾಲೆ ಸೂಕ್‌ನಲ್ಲಿ, ಅಂದರೆ ಪೇಟೆಯಲ್ಲಿ, ಚೀಲಗಟ್ಟಲೆ ರಾಶಿ ಹಾಕಿರುತ್ತಾರೆ.

ಹೊಸದಾಗಿ ಬಂದವರು ಅದನ್ನು ಕೇಸರಿ ಅಂದುಕೊಳ್ಳುತ್ತಾರೆ. ಊರಿಗೆ ಹೋಗುವಾಗ ಬಸುರಿ ಹೆಂಡತಿಗೆ, ಅಕ್ಕತಂಗಿಯರಿಗೆ ಹಾಲಿಗೆ ಹಾಕಿಕೊಳ್ಳಲಿ ಅಂತ ಅಗ್ಗದ "ಕೇಸರಿ" ಕಟ್ಟಿಕೊಂಡು ಹೋಗುತ್ತಾರೆ. ಮೇಲೆ ಡಾಕ್ಟರಮ್ಮ ಬರೆದದ್ದು ಓದಿ ನನಗೆ ಎದೆ ಝಲ್ ಅಂದಿತು. ಎಷ್ಟು ಮನೆಗೆ ಹೀಗೆ ಹೋಗಿದೆಯೋ.

ಗುರುತು ಹೇಳುತ್ತೇನೆ, ದಯವಿಟ್ಟು ಮನೆಯ ಡಬ್ಬಿ ತೆಗೆದು ನೋಡಿ. ಒಂದೇ ಎಳೆ ಬಿಳಿ ತಟ್ಟೆಯ ಮೇಲೆ ಇಟ್ಟು, ಒಂದು ಹನಿ ನೀರು ಹಾಕಿ ಐದು ನಿಮಿಷ ಬಿಡಿ. ನೆನೆದು ಬಿಚ್ಚಿಕೊಳ್ಳುತ್ತದೆ. ನಿಜವಾದ ಕೇಸರಿ ಆದರೆ ಒಂದು ತುದಿ ಸಣ್ಣ, ಇನ್ನೊಂದು ತುದಿ ತುತ್ತೂರಿಯ ಹಾಗೆ ಅಗಲ, ಅದರ ಅಂಚು ಹರಿದ ಹಾಗಿರುತ್ತದೆ. ಕುಸುಬಿ ಹೂವಾದರೆ ಅದು ಸಣ್ಣ ಕೊಳವೆ, ತುದಿಯಲ್ಲಿ ಐದು ಸೀಳು. ಬರಿಗಣ್ಣಿಗೇ ಕಾಣುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ವಾಸನೆಯೂ ಬೇರೆ. ಕೇಸರಿಯ ಡಬ್ಬಿ ತೆಗೆದರೆ ಘಮ ಮುಖಕ್ಕೆ ಹೊಡೆಯುತ್ತದೆ. ಕುಸುಬಿಯಲ್ಲಿ ಒಣಹುಲ್ಲಿನ ಹಾಗೆ ಮಂದ ವಾಸನೆ ಅಷ್ಟೇ.

ಬೆಲೆಯೂ ಗುರುತೇ. ಅಂಗೈ ತುಂಬಾ ಕೇಸರಿ ನೂರು ರೂಪಾಯಿಗೆ ಯಾರೂ ಕೊಡುವುದಿಲ್ಲ.

ಊರು ಬಿಟ್ಟವ

ಮೂವರಿಗೂ ಕೈ ಮುಗಿಯುತ್ತೇನೆ. ಪೊಟ್ಟಣವನ್ನು ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟೆ. ಅಪ್ಪ ಎರಡು ಲೋಟ ಕುಡಿದಿದ್ದರು ಅಂತ ಈಗ ಕೇಳಿದಾಗ ಗೊತ್ತಾಯಿತು, ನನಗೆ ಹೇಳಿರಲೇ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ, ನಾಳೆ ಬೆಳಿಗ್ಗೆಯೇ ರಕ್ತ ಕೊಟ್ಟು ಬನ್ನಿ ಅಂದರು.

ಹೆಂಡತಿ ಅಡುಗೆಮನೆಯ ಕೇಸರಿ ಡಬ್ಬಿ ತೆಗೆದು ತಟ್ಟೆಯಲ್ಲಿ ನೆನೆಸಿ ನೋಡಿದಳು. ಐದು ಸೀಳು. ಮದುವೆಯಲ್ಲಿ ಯಾರೋ ಕೊಟ್ಟಿದ್ದು. ತಂಗಿಗೆ ಹಾಲಿಗೆ ಹಾಕಿ ಕೊಡಬೇಕು ಅಂತ ಎತ್ತಿಟ್ಟಿದ್ದಳು.

ಅಕ್ಕಾ, ನಿಮ್ಮ ಉತ್ತರವನ್ನು ಅವ್ವನಿಗೆ ಓದಿ ಹೇಳಿದೆ. ಹಸಿ ಎಣ್ಣೆ ತುಂಬಿದ ಚಟ್ನಿಯ ಸಾಲು ಬಂದಾಗ "ಇನ್ನೊಮ್ಮೆ ಓದು" ಅಂದಳು. ಹಾಲಿನ ಉಪಾಯಕ್ಕೆ ಕಾಯುತ್ತಿದ್ದಾಳೆ.

ಡೋಣಿ ದಂಡೆ

ಅಪ್ಪನ ಟೆಸ್ಟಿನ ಸುದ್ದಿ ಬರಿ ತಮ್ಮಾ, ಮನಸ್ಸು ಅಲ್ಲೇ ಇದೆ. ಅವ್ವನಿಗೆ ನನ್ನ ಶರಣು ಹೇಳು.

ಕಾಳು ಎಲ್ಲಿಯದು ಅಂತ ಮೊದಲು ಮಾವನನ್ನು ಕೇಳು. ಬಿತ್ತನೆಗೆ ಅಂಗಡಿಯಿಂದ ತಂದ ಬೀಜ ಆಗಿದ್ದರೆ ಅದಕ್ಕೆ ಔಷಧಿ ಸವರಿರುತ್ತಾರೆ. ಕೆಂಪು, ಹಸಿರು ಬಣ್ಣ ಹತ್ತಿರುತ್ತದೆ. ಅದನ್ನು ತೊಳೆದೂ ತಿನ್ನಬಾರದು. ಮನೆಯ ರಾಶಿಯದೇ ಆದರೆ ಚಿಂತೆ ಇಲ್ಲ.

ಒಂದು ಬಟ್ಟಲು ಕಾಳನ್ನು ಮೊರದಲ್ಲಿ ಕೇರಿ, ಮೂರು ನೀರಲ್ಲಿ ತೊಳಿ. ತೇಲಿದ ಜೊಳ್ಳು ಚೆಲ್ಲು. ರಾತ್ರಿಯೆಲ್ಲ ನೆನೆಯಲಿ. ನಿಮ್ಮವ್ವ ಬಹುಶಃ ಕಡಿಮೆ ನೆನೆಸಿ, ಮಿಕ್ಸಿಯನ್ನು ಜೋರಾಗಿ ಬಹಳ ಹೊತ್ತು ತಿರುಗಿಸಿರಬೇಕು. ಒಳ್ಳಿನಲ್ಲಿ ಗುಂಡು ಒತ್ತುತ್ತದೆ, ಸಿಪ್ಪೆ ಒಡೆದು ಒಳಗಿನ ತಿರುಳು ಹಾಲು ಬಿಡುತ್ತದೆ, ಸಿಪ್ಪೆ ದೊಡ್ಡದಾಗಿಯೇ ಉಳಿಯುತ್ತದೆ. ಮಿಕ್ಸಿಯ ಬ್ಲೇಡು ಸಿಪ್ಪೆಯನ್ನೂ ಹಿಟ್ಟು ಮಾಡುತ್ತದೆ. ಆ ಹಿಟ್ಟೇ ಒಗರು. ಅದಕ್ಕೆ ನನ್ನ ಸೊಸೆ ಮಾಡುವುದು ಹೀಗೆ. ನೆನೆದ ಕಾಳಿಗೆ ಮುಳುಗುವಷ್ಟು ನೀರು ಹಾಕಿ, ಗುಂಡಿ ತಿರುಗಿಸಿ ಬಿಡು, ತಿರುಗಿಸಿ ಬಿಡು. ಹತ್ತು ಹನ್ನೆರಡು ಸಲ ಸಾಕು. ಕಾಳು ಒಡೆದು ನೀರು ಬೆಳ್ಳಗಾದ ಕೂಡಲೇ ನಿಲ್ಲಿಸು.

ಜರಡಿಯಲ್ಲಿ ಸೋಸಬೇಡ. ಅಪ್ಪನ ಹಳೇ ಧೋತರದ ತುಂಡು ಇದ್ದೇ ಇರುತ್ತದೆ. ಎರಡು ಮಡಿಕೆ ಮಾಡಿ, ಪಾತ್ರೆಗೆ ಕಟ್ಟಿ, ಸುರಿದು ಗಟ್ಟಿಯಾಗಿ ಹಿಂಡು. ಉಳಿದ ಚರಟಕ್ಕೆ ಮತ್ತೆ ನೀರು ಹಾಕಿ ಇನ್ನೊಂದು ಸುತ್ತು, ಮತ್ತೆ ಹಿಂಡು. ಮೊದಲ ಹಾಲು ದಪ್ಪ, ಎರಡನೆಯದು ತೆಳು. ಎರಡನ್ನೂ ಬೇರೆ ಬೇರೆ ಇಟ್ಟುಕೋ. ಅರ್ಧ ತಾಸು ಅಲುಗಿಸದೆ ಬಿಟ್ಟರೆ ತಳದಲ್ಲಿ ಸಣ್ಣ ಪುಡಿ ಕೂತಿರುತ್ತದೆ. ಮೇಲಿನದನ್ನು ಮೆಲ್ಲಗೆ ಬಗ್ಗಿಸಿಕೊಂಡು ತಳ ಬಿಟ್ಟುಬಿಡು. ನಾಲಿಗೆಗೆ ಸಿಕ್ಕಿದ ಪುಡಿ ಅದೇ.

ಹುಗ್ಗಿಗೆ ಕುಟ್ಟಿದ ಗೋಧಿಯನ್ನು ಮೊದಲೇ ಮೆತ್ತಗೆ ಬೇಯಿಸಿಕೋ. ತೆಳು ಹಾಲು ಹಾಕಿ ಸಣ್ಣ ಉರಿಯಲ್ಲಿ ಕುದಿಸು, ಆಮೇಲೆ ಬೆಲ್ಲ. ದಪ್ಪ ಹಾಲು ಕಡೆಗೆ. ಅದು ಬಿದ್ದ ಮೇಲೆ ಸೌಟು ಕೈಯಿಂದ ಬಿಡಬೇಡ, ಉರಿ ಏರಿಸಬೇಡ. ಇಳಿಸುವಾಗ ಏಲಕ್ಕಿ, ಒಣಶುಂಠಿ, ಗಸಗಸೆ, ತುರಿದ ಒಣಕೊಬ್ಬರಿ. ಬಟ್ಟಲಿಗೆ ಹಾಕಿ ತಣಿಸಿದರೆ ಮೇಲೆ ತೆಳ್ಳಗೆ ಎಣ್ಣೆಯ ಕಣ್ಣು ಮೂಡುತ್ತದೆ. ಮೂಡಿದರೆ ಹಾಲು ಸರಿಯಾಗಿ ಬಂದಿದೆ ಅಂತ ನಿಮ್ಮವ್ವನಿಗೆ ತಾನೇ ಗೊತ್ತಾಗುತ್ತದೆ.

ತಂಗಿಗೆ ಹುಗ್ಗಿ ಕೊಡುವ ಮುಂಚೆ ಅವಳ ಡಾಕ್ಟರನ್ನು ಒಂದು ಮಾತು ಕೇಳು. ನಮ್ಮಲ್ಲಿ ಹಬ್ಬದ ದಿನ ಬಸುರಿಯರೂ ಒಂದು ತುತ್ತು ತಿನ್ನುತ್ತಿದ್ದರು. ಆದರೆ ಹಾಲು ಭೇದಿ ಮಾಡಿಸುವಂಥದ್ದು. ಈ ಸಮಯದಲ್ಲಿ ಬಟ್ಟಲುಗಟ್ಟಲೆ ಬೇಡ.

ಎರಡು ಸೇರಿನಲ್ಲಿ ಒಂದು ಮುಷ್ಟಿ ಕಾಳು ಬೇರೆ ತೆಗೆದಿಡು. ಅಕ್ಟೋಬರ್ ಬಂದಾಗ ಬಾಲ್ಕನಿಯಲ್ಲಿ ಒಂದು ಅಗಲದ ಕುಂಡಕ್ಕೆ ಮಣ್ಣು ತುಂಬಿ, ದಟ್ಟವಾಗಿ ಉದುರಿಸಿ, ಮೇಲೆ ಒಂದು ಬೆರಳು ಮಣ್ಣು ಮುಚ್ಚು. ನೀರು ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ. ಇಪ್ಪತ್ತೈದು ದಿನಕ್ಕೆ ಕಿತ್ತುಬಿಡು, ಮುಳ್ಳು ಬರುವ ಮುಂಚೆ. ಕೀಳುವುದನ್ನು ಅವ್ವನ ಕೈಯಲ್ಲೇ ಮಾಡಿಸು. ಅವತ್ತು ಜೋಳದ ರೊಟ್ಟಿ ಬಡಿಯಲಿ.